ನಗದು ನೆರವು: ಇಡಿಗಂಟೋ, ತಿಂಗಳ ಕಂತೋ?

ಪ್ರಶ್ನೆ: ನಮಸ್ಕಾರ ಮೇಡಂ. ಗ್ರಾಮೀಣ ಕುಟುಂಬಗಳಿಗೆ ಇದುವರೆಗೆ ಬಿತ್ತನೆ ಬೀಜ, ಆಡು, ಹೊಲಿಗೆ ಯಂತ್ರ ಹಂಚುತ್ತಿದ್ದ ನಮ್ಮ ಸಂಸ್ಥೆ ಈ ಬಾರಿ ಹಣವನ್ನೇ ಕೊಡಲು ಯೋಚಿಸುತ್ತಿದೆ. ಹಣವೆಲ್ಲ ತಿಂದು ಕುಡಿದು ಖರ್ಚಾಗುತ್ತದೆ, ಬದುಕಿಗೆ ಆಧಾರವಾಗುವುದಿಲ್ಲ ಎಂದು ಆಡಳಿತ ಮಂಡಳಿಯ ಹಿರಿಯರು ಆಕ್ಷೇಪಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಮಸ್ಕಾರ. ‘ತಿಂದು’ ಎಂಬುದನ್ನೂ ‘ಕುಡಿದು’ ಎಂಬುದನ್ನೂ ಮೊದಲು ಬೇರ್ಪಡಿಸಿ ನೋಡಲು ಅವರಿಗೆ ಹೇಳಿ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಅವರು ಹಲವು ದೇಶಗಳ ಅಧ್ಯಯನಗಳನ್ನು 2014ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ನಗದು ನೆರವಿನಿಂದ ಮದ್ಯ, ತಂಬಾಕಿನ ಖರ್ಚು ಹೆಚ್ಚಿದ್ದು ಕಂಡುಬರಲಿಲ್ಲ. ಇನ್ನು ತಿನ್ನುವುದು ನಷ್ಟವೇ ಅಲ್ಲ. ಹಳೆಯ ಧಾನ್ಯ ಮುಗಿದು ಹೊಸ ಬೆಳೆ ಕೈಗೆ ಬಾರದ ತಿಂಗಳುಗಳಲ್ಲಿ ಬಡ ಕುಟುಂಬ ಬೀಜಕ್ಕೆಂದು ಇಟ್ಟಿದ್ದನ್ನು ಅಡುಗೆಗೆ ತೆಗೆಯುತ್ತದೆ, ಆಡನ್ನು ಕೇಳಿದ ಬೆಲೆಗೆ ಮಾರುತ್ತದೆ, ತನ್ನ ಹೊಲದಲ್ಲಿ ಕಳೆ ಬೆಳೆಯುತ್ತಿದ್ದರೂ ಆ ದಿನದ ಊಟಕ್ಕಾಗಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತದೆ. ಮುಂದಿನ ವರ್ಷದ ಬಡತನ ಹುಟ್ಟುವುದು ಅಲ್ಲಿಯೇ. ಮಲಾವಿಯಲ್ಲಿ ‘ಗನ್ಯು’ ಎಂದು ಕರೆಯುವ ಇಂಥ ದಿನಗೂಲಿ ನಗದು ನೆರವು ಸಿಕ್ಕ ಮನೆಗಳಲ್ಲಿ ಕಡಿಮೆಯಾಯಿತು, ಸ್ವಂತ ಬೇಸಾಯಕ್ಕೆ ಕೊಟ್ಟ ಸಮಯ ಹೆಚ್ಚಿತು. ಆ ಮನೆಯವರು ಹಣದಲ್ಲಿ ಕೊಂಡದ್ದು ಧಾನ್ಯವೇ ಇರಬಹುದು, ಆದರೆ ಉಳಿಸಿಕೊಂಡದ್ದು ಹೊಲವನ್ನು.

ಪ್ರಶ್ನೆ: ಹಾಗಾದರೆ ಒಂದೇ ಬಾರಿ ಇಡಿಗಂಟಾಗಿ ಕೊಡಬೇಕೋ, ತಿಂಗಳ ಕಂತಿನಲ್ಲಿ ಕೊಡಬೇಕೋ?

ಉತ್ತರ: ಯಾವ ಕೊರತೆಯನ್ನು ತುಂಬಬೇಕೆಂದಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಕೆನ್ಯಾದ ರರಿಯೇಡಾದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಕೊಟ್ಟ ನೆರವನ್ನು ಜೊಹಾನ್ನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೊ ಅಭ್ಯಸಿಸಿದಾಗ, ತಿಂಗಳ ಕಂತು ಪಡೆದವರಲ್ಲಿ ಆಹಾರ ಭದ್ರತೆ ಹೆಚ್ಚು ಸುಧಾರಿಸಿತ್ತು. ಇಡಿಗಂಟು ಪಡೆದವರು ಬಾಳಿಕೆ ಬರುವ ವಸ್ತುಗಳಿಗೆ ಹೆಚ್ಚು ಖರ್ಚು ಮಾಡಿದ್ದರು. ಅಲ್ಲಿ ಅನೇಕರು ಹುಲ್ಲಿನ ಚಾವಣಿ ತೆಗೆದು ತಗಡು ಹೊದಿಸಿದರು. ಹೊರಗಿನವರಿಗೆ ಇದು ಶೋಕಿಯಂತೆ ಕಂಡೀತು, ಆದರೆ ಹುಲ್ಲಿನ ಚಾವಣಿಯನ್ನು ಮತ್ತೆ ಮತ್ತೆ ಹೊದಿಸುವ ಖರ್ಚು ಉಳಿಯುವುದರಿಂದ ಅದೂ ಒಂದು ಹೂಡಿಕೆಯೇ.

ಕಂತಿನಲ್ಲಿ ಬಂಡವಾಳ ಕೂಡುವುದೇ ಇಲ್ಲವೆಂದಲ್ಲ. ಮೆಕ್ಸಿಕೊದಲ್ಲಿ 1997ರಲ್ಲಿ ಆರಂಭವಾದ, ಬಡ ಕುಟುಂಬಗಳಿಗೆ ಕಂತಿನಲ್ಲಿ ಹಣ ಕೊಡುತ್ತಿದ್ದ ಪ್ರೊಗ್ರೆಸಾ ಯೋಜನೆಯ ಕುಟುಂಬಗಳು ಪ್ರತಿ ಪೆಸೊದಲ್ಲಿ, ಅಂದರೆ ನೂರು ಸೆಂಟಾವೊಗಳಲ್ಲಿ, ಸುಮಾರು 74ನ್ನು ದಿನಬಳಕೆಗೆ ವ್ಯಯಿಸಿ, ಉಳಿದುದನ್ನು ಹೂಡಿಕೆಗೆ ತೊಡಗಿಸಿದವು ಎಂದು ಪಾಲ್ ಗರ್ಟ್ಲರ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ಮುಂದಿನ ಕಂತು ಬಂದೇ ಬರುತ್ತದೆ ಎಂಬ ನಂಬಿಕೆಯಿದ್ದರೆ ಮಾತ್ರ ಕೈಯಲ್ಲಿರುವುದನ್ನು ಹೂಡುವ ಧೈರ್ಯ ಬರುತ್ತದೆ. ದಿನ ತಪ್ಪಿ ಬರುವ ಹಣವನ್ನು ನಂಬಿ ಯಾರೂ ಕರು ಕಟ್ಟುವುದಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಎಲ್ಲರ ಕೈಯಲ್ಲೂ ಹಣ ಬಂದರೆ ಊರಿನ ಬೆಲೆಗಳು ಏರುವುದಿಲ್ಲವೇ, ಮೇಡಂ? ಅದಕ್ಕಿಂತ ಆಡು, ಕೋಳಿ ಕೊಡುವುದೇ ಸುರಕ್ಷಿತವಲ್ಲವೇ?

ಉತ್ತರ: ಪಶ್ಚಿಮ ಕೆನ್ಯಾದಲ್ಲಿ 2014ರ ನಂತರ ಸುಮಾರು 10,500 ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಾಗ, ನೆರವು ಪಡೆಯದ ಮನೆಗಳ ಆದಾಯವೂ ಹೆಚ್ಚಿತು. ಬೆಲೆ ಏರಿದ್ದು ಸರಾಸರಿ ಶೇಕಡಾ 1ಕ್ಕಿಂತ ಕಡಿಮೆ. ಆದರೆ ಸಾಮಾನು ಸಲೀಸಾಗಿ ಬಂದು ಸೇರದ ಕಡೆ ಈ ಮಾತು ನಿಲ್ಲದು. ಇಥಿಯೋಪಿಯಾದಲ್ಲಿ 2005ರಲ್ಲಿ ಆರಂಭವಾದ, ಬಡ ಕುಟುಂಬಗಳಿಗೆ ಹಣ ಇಲ್ಲವೇ ಧಾನ್ಯ ಕೊಡುವ ಸಾಮಾಜಿಕ ಸುರಕ್ಷತಾ ಯೋಜನೆಯ ಫಲಾನುಭವಿಗಳಲ್ಲಿ ಅನೇಕರು, 2008ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿದಾಗ, ಹಣಕ್ಕಿಂತ ಧಾನ್ಯವೇ ಬೇಕೆಂದರು.

ಇನ್ನು ಕೋಳಿಗಳ ವಿಷಯ. ಬ್ರ್ಯಾಕ್ ಸಂಸ್ಥೆ ಬಾಂಗ್ಲಾದೇಶದಲ್ಲಿ 2002ರಲ್ಲಿ ರೂಪಿಸಿದ ಮಾದರಿಯಲ್ಲಿ ಜಾನುವಾರಿನ ಜೊತೆ ಕೆಲವು ತಿಂಗಳ ಊಟದ ಖರ್ಚು, ತರಬೇತಿ, ಉಳಿತಾಯದ ವ್ಯವಸ್ಥೆಯೂ ಇತ್ತು. ಆರು ದೇಶಗಳಲ್ಲಿ ಅದನ್ನು ಪರೀಕ್ಷಿಸಿದಾಗ ಫಲಿತಾಂಶ ಒಟ್ಟಾರೆ ಚೆನ್ನಾಗಿಯೇ ಬಂತು. ಹೊಂಡುರಾಸ್‌ನಲ್ಲಿ ಮಾತ್ರ ಕೋಳಿಗಳು ರೋಗದಿಂದ ಸತ್ತು ಲಾಭ ದಕ್ಕಲಿಲ್ಲ. ಆಡನ್ನೋ ಕೋಳಿಯನ್ನೋ ಕೊಡುವುದೇ ಆದರೆ ಪಶುವೈದ್ಯರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.