ಪದ ಬೇಕಿತ್ತು (ಇವತ್ತೇ): ಜರ್ಮನಿಯ ಕಟಿಂಗ್ ಅಂಗಡಿಯಲ್ಲಿ "ಫೇಡ್", "ಥಿನ್ನಿಂಗ್"

ಮ್ಯೂನಿಕ್‌ನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಓದೋಕೆ ಬರುವ ಕನ್ನಡದ ಹುಡುಗರಿಗೆ ಅಂತ ಒಂದು ಹಾಳೆ ಮಾಡುತ್ತಿದ್ದೇವೆ. ಮನೆ ನೋಂದಣಿ, ಆರೋಗ್ಯ ವಿಮೆ ಎಲ್ಲ ಮುಗಿದು ಕಟಿಂಗ್ ಅಂಗಡಿಗೆ ಬಂದು ನಿಂತಿದೆ. ಸಂಜೆ ಪ್ರಿಂಟಿಗೆ ಕೊಡಬೇಕು. ಒಂದು ಕಡೆ ಕನ್ನಡ, ಒಂದು ಕಡೆ ಜರ್ಮನ್. ಜರ್ಮನ್ ಸಿದ್ಧ ಇದೆ: ತುದಿ ತೆಗೆಯೋದಕ್ಕೆ ಶ್ಪಿಟ್ಸನ್ ಶ್ನೈಡನ್, ಕೆಳಗೆ ಸಣ್ಣಗೆ, ಮೇಲಕ್ಕೆ ಉದ್ದ ಆಗೋ ಫೇಡ್‌ಗೆ ಯೂಬರ್‌ಗಾಂಗ್, ಕಿವಿ ಮುಂದಿನ ಕೂದಲಿಗೆ ಕೊಟೆಲೆಟನ್. ಕನ್ನಡದ ಕಡೆಯೇ ಖಾಲಿ. ಫೇಡ್‌ಗೆ, ದಟ್ಟ ಕೂದಲು ತೆಳು ಮಾಡೋ ಥಿನ್ನಿಂಗ್‌ಗೆ ಏನು ಬರೆಯಲಿ? ತಲೆಬರಹಕ್ಕೆ "ಕ್ಷೌರ" ಸರೀನಾ?

ಸುಮ್ನೆ ಕೇಳುತ್ತಿಲ್ಲ. ನನ್ನ ತಮ್ಮ ಬಂದ ಹೊಸತರಲ್ಲಿ ಕುರ್ಚಿ ಮೇಲೆ ಕೂತು, ಬೆಂಗಳೂರಲ್ಲಿ ಹೇಳೋ ಹಾಗೆ "ಸೈಡಿಗೆ ನಂಬರ್ ಟೂ" ಅಂದ. ಮಷೀನಿನ ನಂಬರ್ ಎರಡು ಅಂದರೆ ಸುಮಾರು 6 ಮಿಲಿಮೀಟರ್ ಕೂದಲು ಉಳಿಯುತ್ತೆ. ಇಲ್ಲಿನವರು ಮಿಲಿಮೀಟರಿನಲ್ಲೇ ಕೇಳುತ್ತಾರೆ. ಕಟಿಂಗ್ ಮಾಡುವಾತ ಎರಡು ಬೆರಳು ಎತ್ತಿ "ತ್ಸ್ವೈ?" ಅಂದ, ಇವನು ಹೂಂ ಅಂತ ತಲೆ ಆಡಿಸಿದ. 2 ಮಿಲಿಮೀಟರಿನ ಮಷೀನು ಕಿವಿಯಿಂದ ನೆತ್ತಿ ಹತ್ತಿರದವರೆಗೂ ಒಂದೇ ಏಟಿಗೆ ಹೋಯ್ತು. ಒಂದು ಕಡೆ ಬುರುಡೆ ಕಂಡ ಮೇಲೆ ಇನ್ನೊಂದು ಕಡೆಯನ್ನೂ ಹಾಗೇ ಮಾಡಿಸದೆ ದಾರಿ ಇರಲಿಲ್ಲ.

ಮೈಸೂರಿಂದ:

"ಕ್ಷೌರ" ಬೇಡವೇ ಬೇಡ. ಕ್ಷುರ ಅಂದರೆ ಬೋಳಿಸುವ ಕತ್ತಿ, ಅದರಿಂದ ಕ್ಷೌರ. ಕತ್ತರಿ ಕೆಲಸಕ್ಕೆ ಆ ಪದವೇ ತಪ್ಪು, ಮೇಲಾಗಿ ನಮ್ಮದೂ ಅಲ್ಲ. "ಕೂದಲ್ಗೊಯ್ತ" ಅನ್ನಿ, ಸಂಧಿ ಸರಿಯಾಗಿ ಕೂತಿದೆ. ಫೇಡ್‌ಗೆ "ಮಾಸಲುಗತ್ತರಿ", ಥಿನ್ನಿಂಗ್‌ಗೆ "ತೆಳುಗೊಯ್ತ". ಮೊದಲು ಒರಟು ಅನ್ನಿಸುತ್ತದೆ, ಬಳಸಿದರೆ ಹೊಂದಿಕೊಳ್ಳುತ್ತದೆ.

ಶಿವಮೊಗ್ಗದಿಂದ:

ಸ್ವಾಮಿ, ಕೂದಲ್ಗೊಯ್ತ ಅಂತ ಬೋರ್ಡ್ ಹಾಕಿದ ಅಂಗಡಿಗೆ ನಾನಂತೂ ಕತ್ತು ಕೊಡಲ್ಲ. ಅದಿರಲಿ, ಸಂಸ್ಕೃತ ಬೇಡ ಅನ್ನುವವರು ಕತ್ತರಿಯನ್ನು ಹೇಗೆ ಒಳಗೆ ಬಿಟ್ಟುಕೊಂಡಿರಿ? ಕರ್ತರಿಯ ತದ್ಭವ ಅಲ್ವಾ ಅದು?

ಮೈಸೂರಿಂದ:

ಅಲ್ಲ. ಕತ್ತಿ, ಕತ್ತರಿ, ಕತ್ತರಿಸು ಎಲ್ಲ ಒಂದೇ ಬಳ್ಳಿ. ತಮಿಳಲ್ಲೂ ಕತ್ತಿ ಇದೆ, ಕತ್ತರಿ ಇದೆ. ಸಂಸ್ಕೃತದವರೇ ನಮ್ಮಿಂದ ತಗೊಂಡಿರಬಾರದಾ? ಕಂಡ ಪದಕ್ಕೆಲ್ಲ ತದ್ಭವ ಅಂತ ಚೀಟಿ ಅಂಟಿಸೋ ಚಾಳಿ ಬಿಡಿ.

ಶಿವಮೊಗ್ಗದಿಂದ:

ಸಂಸ್ಕೃತದಲ್ಲಿ ಕೃತ್ ಅನ್ನೋ ಧಾತುವೇ ಇದೆ, ಕತ್ತರಿಸು ಅಂತಲೇ ಅರ್ಥ. ಚಾಳಿ ಯಾರದ್ದು ಅಂತ ಓದುವವರಿಗೆ ಗೊತ್ತಾಗುತ್ತೆ.

ಧಾರವಾಡದಿಂದ:

ಇಬ್ಬರೂ ಸ್ವಲ್ಪ ತಡ್ಕೊಳ್ಳಿ, ಮ್ಯೂನಿಕ್‌ನ ಆಕೆಗೆ ಸಂಜೆಯೊಳಗೆ ಬೇಕಂತೆ.

ನಮ್ಮ ಕಡೆ ಈ ಕೆಲಸದವರಿಗೆ ಹಡಪದ ಅನ್ನುವುದಿದೆ. ಹಡಪ ಅಂದರೆ ಎಲೆ ಅಡಿಕೆ ಚೀಲ, ಕತ್ತರಿ ಕತ್ತಿ ಇಡುವ ಚೀಲಕ್ಕೂ ಅದೇ ಹೆಸರು. ಬಸವಣ್ಣನ ಜೊತೆಗಿದ್ದ ಅಪ್ಪಣ್ಣ ಹಡಪದ ಅಪ್ಪಣ್ಣ ತಾನೇ. ಒಳ್ಳೆ ಪದ, ಆದರೆ ಹಾಸನ, ಮಂಡ್ಯದ ಹುಡುಗನಿಗೆ ಮ್ಯೂನಿಕ್‌ನಲ್ಲಿ ಅದು ಉಪಯೋಗಕ್ಕೆ ಬರಲ್ಲ. "ಹಜಾಮ" ಅಂತ ಮಾತ್ರ ಎಲ್ಲೂ ಹಾಕಬೇಡಿ. ಅರಬ್ಬಿಯಲ್ಲಿ ಅದು ಕೆಟ್ಟ ರಕ್ತ ತೆಗೆದು ವಾಸಿ ಮಾಡುವವನ ಹೆಸರು, ನಾವು ಅದನ್ನು ಬೈಗುಳ ಮಾಡಿಟ್ಟಿದ್ದೇವೆ. ಸವಿತಾ ಸಮಾಜದವರಿಗೆ ಸಿಟ್ಟು ಬರೋದು ನ್ಯಾಯವೇ.

ಇನ್ನು ಎರವಲಿನ ಮಾತು. ಜರ್ಮನ್ನರು ಕಟಿಂಗ್ ಮಾಡುವವನಿಗೆ ಫ್ರಿಸ್ಯೋರ್ ಅನ್ನುತ್ತಾರೆ. ಕೂದಲು ಗುಂಗುರು ಮಾಡು ಅನ್ನೋ ಫ್ರೆಂಚ್ ಪದದಿಂದ ಕಟ್ಟಿಕೊಂಡದ್ದು. ಮಜಾ ಅಂದರೆ ಫ್ರಾನ್ಸಿನಲ್ಲಿ ಅವನನ್ನು ಕರೆಯೋದು ಕ್ವಾಫರ್ ಅಂತ. ಹಣೆ ಮೇಲೆ ಬಿಟ್ಟ ಕೂದಲಿಗೆ ಪೋನಿ, ಅಂದರೆ ಇಂಗ್ಲಿಷಿನ ಗಿಡ್ಡ ಕುದುರೆ. ಕೊಟೆಲೆಟನ್ ಕೂಡ ಹೋಟೆಲಿನ ಕಟ್ಲೆಟ್ಟಿನ ಸೋದರನೇ. ಅವರಿಗಿಲ್ಲದ ಮಡಿ ನಮಗ್ಯಾಕೆ? ಅಜ್ಜನ ಕಾಲಕ್ಕೇ "ಕ್ರಾಪು" ಬಂದು, ಉಕಾರ ಹಚ್ಚಿಕೊಂಡು ಕನ್ನಡ ಆಯ್ತು. ಜುಟ್ಟು ತೆಗೆಸಿ ಕ್ರಾಪು ಬಿಟ್ಟವರು ಪದಕ್ಕಾಗಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಟಿಂಗೂ ಅಷ್ಟೇ.

ಮೈಸೂರಿಂದ:

ಪಕ್ಕದ ಮನೆಯವರು ಸಾಲಗಾರರು ಅಂತ ನಾವೂ ಸಾಲ ಮಾಡಬೇಕಾ?

ಹಾಸನದಿಂದ:

ನಮ್ಮಪ್ಪನದು ಇದೇ ಅಂಗಡಿ. ಶಾಲೆ ಬಿಟ್ಟ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಬೆಳೆದವನು ನಾನು, ಅದಕ್ಕೆ ಹೇಳ್ತೀನಿ. ಕುರ್ಚಿ ಮೇಲೆ ಕೂತವರು ಯಾರೂ ನಾಮಪದ ಹೇಳಲ್ಲ. ಏನು ಮಾಡಬೇಕು ಅಂತ ಹೇಳ್ತಾರೆ, ಜೊತೆಗೆ ಕೈಯಲ್ಲಿ ತೋರಿಸ್ತಾರೆ. "ಸೈಡಲ್ಲಿ ಸಣ್ಣಗೆ ಮಾಡಿ, ಮೇಲೆ ಹೋಗ್ತಾ ಹೋಗ್ತಾ ಬಿಡಿ", ಇದೇ ನಿಮ್ಮ ಫೇಡ್. ಥಿನ್ನಿಂಗ್ ಅಂದರೆ "ಉದ್ದ ಹಾಗೇ ಇರಲಿ, ದಟ್ಟ ಕಮ್ಮಿ ಮಾಡಿ". ಅದಕ್ಕೆ ಹಲ್ಲು ಇರೋ ಬೇರೆ ಕತ್ತರಿ ಇದೆ, ಅಪ್ಪ ಅದನ್ನ ಯಾರ ಕೈಗೂ ಕೊಡಲ್ಲ. ಟ್ರಿಮ್‌ಗೆ "ತುದಿ ಮಾತ್ರ ತೆಗೀರಿ" ಸಾಕು. ಹಾಳೆಯಲ್ಲಿ ಈ ವಾಕ್ಯಗಳನ್ನೇ ಹಾಕಿ ಮೇಡಂ. ಎದುರಿಗೆ ಮಿಲಿಮೀಟರ್ ಬರೀರಿ: ನಂಬರ್ ಒಂದಕ್ಕೆ 3, ಎರಡಕ್ಕೆ 6, ಮೂರಕ್ಕೆ 10, ನಾಲ್ಕಕ್ಕೆ 13. ನಿಮ್ಮ ತಮ್ಮನಿಗೆ ಬೇಕಿದ್ದದ್ದು ಪದ ಅಲ್ಲ, ಈ ಲೆಕ್ಕ.

ಅಂದ ಹಾಗೆ ನಮ್ಮಲ್ಲಿ ಮಂಗಳವಾರ ರಜ. ಅಲ್ಲಿ ಯಾವ ವಾರ?

ಮ್ಯೂನಿಕ್‌ನಿಂದ:

ಸೋಮವಾರ. ಅದೂ ಹಾಳೆಗೆ ಹೋಯ್ತು, ಥ್ಯಾಂಕ್ಸ್. ನಿಮ್ಮ ವಾಕ್ಯಗಳನ್ನ ಹಾಗೇ ಹಾಕಿದ್ದೇನೆ, ಲೆಕ್ಕವನ್ನೂ. ಟ್ರೊಕನ್‌ಶ್ನಿಟ್‌ಗೆ ಪದ ಕೇಳೋಣ ಅಂತಿದ್ದೆ, ಧೈರ್ಯ ಬರಲಿಲ್ಲ. "ತಲೆ ತೊಳೆಯದೆ ಹಾಗೇ ಕತ್ತರಿಸೋದು, ಅದಕ್ಕೇ ಅಗ್ಗ" ಅಂತ ನಾನೇ ಬರೆದೆ. ತಲೆಬರಹ "ಕಟಿಂಗ್ ಅಂಗಡಿಯಲ್ಲಿ". ಈಗಷ್ಟೇ ಪ್ರಿಂಟಿಗೆ ಕಳಿಸಿದೆ. ಸಹಾಯ ಮಾಡಿದವರೆಲ್ಲರ ಹೆಸರು ಹಾಳೆಯ ಕೊನೆಯಲ್ಲಿದೆ.

ಮೈಸೂರಿಂದ:

ತಲೆಬರಹ ನೋಡಿದೆ. ನನ್ನ ಹೆಸರು ತೆಗೆಸಿ.