‘ಪಿಚ್ ಹದಗೆಟ್ಟಿದೆ’ ಅಂದರೆ ಯಾರ ಹದ?

ಗೆಳೆಯರೇ,

ಟೆಸ್ಟ್ ಪಂದ್ಯ ನಾಲ್ಕನೇ ದಿನಕ್ಕೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ‘ಪಿಚ್ ಹದಗೆಟ್ಟಿದೆ’ ಅನ್ನೋ ಮಾತು ಬಂದೇ ಬರುತ್ತದೆ. ಪಿಚ್ ಅಂದರೆ ಮೈದಾನದ ನಡುವೆ ಚೆಂಡು ಪುಟಿಯುವ ಆ ನೆಲದ ಪಟ್ಟಿ. ನಾನೂ ಸುಮ್ನೆ ಬಳಸುತ್ತಿದ್ದೆ. ಅಪ್ಪ ಕೇಳಿದ ಒಂದು ಪ್ರಶ್ನೆಯ ಮೇಲೆ ಅದು ನಾಲಿಗೆಯಲ್ಲಿ ಸಲೀಸಾಗಿ ಹೊರಳುತ್ತಿಲ್ಲ.

2017ರ ಮಾರ್ಚ್ 7, ಮಂಗಳವಾರ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ನ ನಾಲ್ಕನೇ ದಿನ. ಅಪ್ಪ ಗದಗ ಕಡೆಯ ನಮ್ಮೂರಲ್ಲಿದ್ದರು. ಕಣ್ಣಿನ ಆಪರೇಷನ್ ಆಗಿತ್ತು, ಟೀವಿ ನೋಡುವಂತಿರಲಿಲ್ಲ. ನಾನು ಬೆಂಗಳೂರಿನಲ್ಲಿ ರಜೆ ಹಾಕಿ ಟೀವಿ ಮುಂದೆ ಕೂತಿದ್ದೆ. ಫೋನಿನಲ್ಲೇ ನನ್ನ ಕಾಮೆಂಟರಿ.

ಪೂಜಾರ, ರಹಾನೆ ಜೊತೆಯಾಟ 118ಕ್ಕೆ ಮುರಿಯಿತು. ಆಸ್ಟ್ರೇಲಿಯಾದ ವೇಗಿ ಸ್ಟಾರ್ಕ್ ಎರಡು ಎಸೆತದಲ್ಲಿ ರಹಾನೆಯನ್ನೂ ನಮ್ಮ ಕರುಣ್ ನಾಯರ್‌ನನ್ನೂ ಕಳಿಸಿದ. 238ಕ್ಕೆ 4 ಇದ್ದದ್ದು 274ಕ್ಕೆ ಆಲೌಟ್. ಆಸ್ಟ್ರೇಲಿಯಾಕ್ಕೆ ಬೇಕಾದದ್ದು 188 ಮಾತ್ರ.

“ಸಣ್ಣದಾತಲ್ಲೋ ತಮ್ಮಾ” ಅಂದರು ಅಪ್ಪ.

“ಸಣ್ಣದೇ, ಆದರೆ ಪಿಚ್ ಹದಗೆಟ್ಟಿದೆ ಅಪ್ಪ. ಅಶ್ವಿನ್‌ಗೆ ವಿಕೆಟ್ ಬೀಳುತ್ತವೆ ನೋಡಿ.”

“ಹದಾ ಕೆಟ್ಟೈತಿ ಅಂತಿ. ಹದಾ ಕೆಟ್ಟ ನೆಲದಾಗ ಅಂವಗ ಹೆಂಗ ಬೆಳಿ ಬರತೈತಿ?”

ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ತಮಾಷೆಗೆ ಕೇಳಿದ್ದರು, ಆದರೆ ಮಾತು ಖರೆ. ಹದ ಅಂದರೆ ಯಾವುದಕ್ಕೋ ತಕ್ಕ ಸ್ಥಿತಿ. ಬಿತ್ತೋದಕ್ಕೆ ಹದ ಬೇರೆ, ಮಡಕೆ ಮಾಡೋದಕ್ಕೆ ಹದ ಬೇರೆ, ಬೆಲ್ಲದ ಪಾಕದ ಹದ ಇನ್ನೊಂದು. ‘ಹದಗೆಟ್ಟಿದೆ’ ಅಂದಾಗ ಯಾವ ಕೆಲಸಕ್ಕೆ ಕೆಟ್ಟಿದೆ ಅನ್ನೋದು ಒಳಗೇ ಇರುತ್ತದೆ. ಇಲ್ಲಿ ಅದು ಬ್ಯಾಟಿಂಗ್. ಅಂದರೆ ಈ ಮಾತು ಮೊದಲೇ ದಾಂಡಿಗರ ಪಕ್ಷ ಹಿಡಿದಿದೆ. ಅಶ್ವಿನ್‌ನಂಥ ಸ್ಪಿನ್ನರ್ ಕಡೆಯಿಂದ ನೋಡಿದರೆ ಪಿಚ್ ಅವತ್ತು ಹದಕ್ಕೆ ಬಂದಿತ್ತು! ಆಸ್ಟ್ರೇಲಿಯಾ 101ಕ್ಕೆ 4 ಇದ್ದದ್ದು 112ಕ್ಕೆ ಮುಗಿಯಿತು. ಕೊನೆಯ ಆರು ವಿಕೆಟ್‌ಗೆ 11 ರನ್. ಅಶ್ವಿನ್‌ಗೆ 41 ರನ್‌ಗೆ 6 ವಿಕೆಟ್. ಅದಕ್ಕಿಂತ ಒಳ್ಳೆಯ ಬೆಳೆ ಬೇಕಾ?

ಸರಿ, ಬೇರೆ ಪದ ಯಾವುದು? ‘ಸವೆದಿದೆ’ ಎಂದು ಕೆಲವರು ಬರೆಯುತ್ತಾರೆ. ನನಗೆ ಹಿಡಿಸಲ್ಲ. ಚಪ್ಪಲಿ ಸವೆಯುತ್ತದೆ, ಬೀಸುಕಲ್ಲು ಸವೆಯುತ್ತದೆ. ಸವೆದದ್ದು ನುಣುಪಾಗುತ್ತದೆ. ಪಿಚ್ ಆಗೋದು ಅದರ ಉಲ್ಟಾ. ‘ಶಿಥಿಲವಾಗಿದೆ’ ಅಂದರೆ ಹಳೇ ಗುಡಿ ಕಣ್ಣೆದುರು ಬರುತ್ತದೆ, ಅದು ಬೇಡವೇ ಬೇಡ. ‘ಒಡೆದಿದೆ’ ಪರವಾಗಿಲ್ಲ. ಹಿಮ್ಮಡಿ ಒಡೆದಿದೆ ಅನ್ನುತ್ತೇವಲ್ಲ, ಆ ಥರ.

ಆದರೆ ಅಪ್ಪನಿಗೆ ಇದ್ಯಾವುದೂ ಬೇಕಾಗಲಿಲ್ಲ. ನಾನು ಮಣ್ಣಿನ ಕಥೆ ಹೇಳಿದೆ. ಪಿಚ್ ಜಿಗುಟು ಮಣ್ಣಿನದು, ನೀರು ಹಾಕಿ ರೋಲರ್ ಎಳೆದು ಗಟ್ಟಿ ಮಾಡಿರುತ್ತಾರೆ. ಪಂದ್ಯ ಶುರುವಾದ ಮೇಲೆ ನೀರು ಹಾಕುವಂತಿಲ್ಲ. ಬಿಸಿಲಿಗೆ ಒಣಗುತ್ತಾ ಮಣ್ಣು ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಮೇಲಿನ ಪದರ ಪುಡಿ ಏಳುತ್ತದೆ. ಅವರು ಕೇಳಿ, “ಹಂಗಂದ್ರ ನಮ್ಮ ಎರಿ ಹೊಲಾನ ಆತಲ್ಲ. ಬ್ಯಾಸಿಗ್ಯಾಗ ಬಾಯಿ ಬಿಟ್ಟಿರತೈತಿ” ಅಂದರು. ಎರಿ ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು.

ಪಿಚ್ ಬಾಯಿ ಬಿಟ್ಟಿದೆ! ನಲವತ್ತು ವರ್ಷದಿಂದ ಕನ್ನಡದಲ್ಲಿ ಕ್ರಿಕೆಟ್ ಓದುತ್ತಿದ್ದೇನೆ, ಈ ಮಾತು ಎಲ್ಲೂ ಕಂಡ ನೆನಪಿಲ್ಲ. ಇದರಲ್ಲಿ ಯಾರ ಪಕ್ಷವೂ ಇಲ್ಲ. ಕಾಲ ಕಳೆದಂತೆ ಆದದ್ದು ಅನ್ನೋದೂ ಇದೆ. ಚೆಂಡು ಎಲ್ಲಿ ಬಿದ್ದು ಎತ್ತ ಹೋಗುತ್ತದೋ ಅನ್ನೋ ಭಯವೂ ಸ್ವಲ್ಪ ಇದೆ.

ಅವತ್ತೇ ಇನ್ನೊಂದು ಮಾತಿಗೂ ಹೀಗೇ ಆಯಿತು. ಆಸ್ಟ್ರೇಲಿಯಾ ನಾಯಕ ಸ್ಮಿತ್ ಔಟಾದದ್ದು ಉಮೇಶ್ ಯಾದವ್‌ನ ಎಲ್ಬಿಡಬ್ಲ್ಯುಗೆ. ನಾನು ಹೇಳಿದ್ದು, “ಚೆಂಡು ಕೆಳಮಟ್ಟದಲ್ಲೇ ಉಳಿಯಿತು.” ಈಗ ನೆನೆದರೆ ನಗು ಬರುತ್ತದೆ. ಇಂಗ್ಲಿಷ್ ಕಾಮೆಂಟರಿ ಕಿವಿಯಲ್ಲಿ, ಕನ್ನಡ ಬಾಯಲ್ಲಿ. ಅಪ್ಪ ಕೇಳಿದರು, “ಕುಂತಬಿಟ್ಟಿತೇನು?” ಹೌದು, ಕೂತುಬಿಟ್ಟಿತು. ಬೀದಿಯಲ್ಲಿ ಆಡುವಾಗ ನಾವೂ ಹಾಗೇ ಹೇಳುತ್ತಿದ್ದೆವು: ಬಾಲ್ ಏಳಲೇ ಇಲ್ಲ, ಕೂತ್‌ಬಿಡ್ತು. ದೊಡ್ಡವರಾಗಿ ಬರೆಯಲು ಕೂತಾಗ ಅದನ್ನು ಮರೆತು ‘ಕೆಳಮಟ್ಟ’ಕ್ಕೆ ಹೋಗುತ್ತೇವೆ.

(ಅದೇ ಸ್ಮಿತ್ ಅಂಪೈರ್ ತೀರ್ಪಿನ ಮೇಲೆ ರಿವ್ಯೂ ತಗೋಬೇಕೋ ಬೇಡವೋ ಅಂತ ಡ್ರೆಸ್ಸಿಂಗ್ ರೂಮ್ ಕಡೆ ನೋಡಿ ಗಲಾಟೆಯಾಯಿತಲ್ಲ, ಆಮೇಲೆ ಅದನ್ನು ‘ಬ್ರೇನ್ ಫೇಡ್’ ಅಂದ. ಅದಕ್ಕೆ ನಮ್ಮಲ್ಲಿ ‘ಮಂಕು ಕವಿಯಿತು’ ಅನ್ನೋ ಮಾತು ಹೊಲಿದಿಟ್ಟ ಹಾಗೆ ಇದೆ. ಅದು ನಿಜವಾಗಿ ಮಂಕೋ ಅಲ್ಲವೋ ಅನ್ನೋ ಜಗಳ ಇಲ್ಲಿ ಬೇಡ.)

‘ವಿಕೆಟ್’ ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ನೆಟ್ಟ ಗೂಟವೂ ವಿಕೆಟ್, ಔಟಾದದ್ದೂ ವಿಕೆಟ್, ಪಿಚ್ಚೂ ವಿಕೆಟ್. ನಮ್ಮ ಪತ್ರಿಕೆಗಳ ‘ಹುದ್ದರಿ’ ಔಟಾದದ್ದಕ್ಕೆ ಮಾತ್ರ ಸರಿ. ‘ಹುದ್ದರಿ ನಿಧಾನವಾಗಿದೆ’ ಅಂತ ಯಾರೂ ಬರೆಯಲ್ಲ, ಅಲ್ವಾ?

ಈಗ ‘ಬಾಯಿ ಬಿಟ್ಟಿದೆ’ಯನ್ನೇ ಒಂದು ಪರೀಕ್ಷೆಗೆ ಒಡ್ಡುತ್ತೇನೆ. ಅದೇ ಮೈದಾನ, 1987ರ ಮಾರ್ಚ್, ಪಾಕಿಸ್ತಾನದ ವಿರುದ್ಧ. ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ಹೊಡೆದ ಪಂದ್ಯ. 221 ಬೇಕಿತ್ತು, 204ಕ್ಕೆ ನಿಂತೆವು. ಕೊನೆಗೆ ಔಟಾದದ್ದು ನಮ್ಮ ರೋಜರ್ ಬಿನ್ನಿ. ಸೋತದ್ದು 16 ರನ್‌ನಿಂದ. ಅಪ್ಪ ಅವತ್ತು ರೇಡಿಯೋ ಪಕ್ಕದಿಂದ ಏಳಲಿಲ್ಲ, ಊಟಕ್ಕೂ. ಆದರೆ ಅಲ್ಲಿ ಚೆಂಡು ಮೊದಲ ದಿನವೇ ತಿರುಗುತ್ತಿತ್ತು. ಪಾಕಿಸ್ತಾನ ಮೊದಲ ಇನಿಂಗ್ಸ್‌ನಲ್ಲೇ 116. ನಮ್ಮ ಸ್ಪಿನ್ನರ್ ಮಣಿಂದರ್‌ಗೆ 27 ರನ್‌ಗೆ 7 ವಿಕೆಟ್. ಅಂಥ ಪಿಚ್‌ಗೆ ‘ಹದಗೆಟ್ಟಿದೆ’ಯೂ ಸರಿಯಲ್ಲ, ‘ಬಾಯಿ ಬಿಟ್ಟಿದೆ’ಯೂ ಸರಿಯಲ್ಲ. ಕೆಡೋಕೆ, ಬಿರಿಯೋಕೆ ಮೊದಲು ಚೆನ್ನಾಗಿರಬೇಕಲ್ಲ! ಹುಟ್ಟಿನಿಂದಲೇ ಹಾಗಿರುವುದಕ್ಕೆ ಬೇರೆ ಪದ ಬೇಕು. ಇಂಥ ಆಟಕ್ಕೆಲ್ಲ ಪತ್ರಿಕೆಯವರು ಅಂಟಿಸುವುದು ‘ರೋಚಕ’. ರೋಚಕ ಅಂದರೆ ರುಚಿ ಹುಟ್ಟಿಸುವಂಥದ್ದು. ಅವತ್ತು ಅಪ್ಪನಿಗೆ ಅನ್ನವೇ ರುಚಿಸಲಿಲ್ಲ.

ಇನ್ನು ನನಗೆ ನಿಜವಾಗಿ ಬೇಕಾದ ಪದ. ಬೌಲರ್‌ಗಳು ಚೆಂಡು ಎಸೆದು ಮುಂದೆ ಓಡುವಾಗ ಬೂಟಿನ ಮುಳ್ಳಿನಿಂದ ಕಿತ್ತುಹೋಗುವ ಜಾಗವಿದೆಯಲ್ಲ, ಅದು. ಸ್ಟಾರ್ಕ್ ಎಡಗೈಯವನು, ಅವನ ಕಾಲು ಬೀಳೋದು ಬಲಗೈ ದಾಂಡಿಗನ ಆಫ್‌ಸ್ಟಂಪಿನ ಹೊರಗೆ. ಅವರ ಸ್ಪಿನ್ನರ್ ಲಯನ್ ಅಲ್ಲಿಗೇ ಗುರಿಯಿಟ್ಟು ಚೆಂಡು ಹಾಕಿದರೆ ಒಳಕ್ಕೆ ನುಗ್ಗುತ್ತದೆ. ಇಂಗ್ಲಿಷಿನವರು ಸುಮ್ನೆ ‘ರಫ್’ ಅನ್ನುತ್ತಾರೆ. ನಾವು ‘ಹೆಜ್ಜೆಗುರುತು’ ಅಂದರೆ ಕೃಷ್ಣಾಷ್ಟಮಿಯ ಪುಟ್ಟ ಪಾದ ನೆನಪಾಗುತ್ತದೆ. ‘ಒರಟು ಜಾಗ’ ಬರಿ ಅನುವಾದ. ನನಗೆ ತೋಚಿದ್ದು ‘ಕೆದರು’, ಕೋಳಿ ಕೆದರಿದ ತಿಪ್ಪೆಯ ಹಾಗೆ. ‘ಲಯನ್ ಕೆದರಿಗೆ ಹಾಕುತ್ತಿದ್ದಾನೆ.’ ಕ್ರಿಯಾಪದವನ್ನು ಹೀಗೆ ನಾಮಪದ ಮಾಡಿದರೆ ಕಿವಿಗೆ ಒಪ್ಪುತ್ತದೆಯೇ? ನಿಮ್ಮ ಊರಿನ ಮೈದಾನದಲ್ಲಿ ಹುಡುಗರು ಇದಕ್ಕೆ ಏನನ್ನುತ್ತಾರೆ?

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ನಿಮ್ಮದು ಕೆಂಪು ಮಣ್ಣು, ಮುರಕಲ್ಲು. ನಮ್ಮ ಎರೆ ಹೊಲದ ಹಾಗೆ ಕಾಲು ಇಳಿಯುವಷ್ಟು ಬಿರಿಯಲ್ಲ. ನೆಲ ‘ಬಾಯಿ ಬಿಟ್ಟಿದೆ’ ಅಂದರೆ ನಿಮಗೆ ಥಟ್ಟನೆ ಚಿತ್ರ ಮೂಡುತ್ತದೆಯೇ, ಅಥವಾ ಬಿಡಿಸಿ ಹೇಳಬೇಕೇ?