ಒಂದೇ ಲೆಕ್ಕ, ಮೂರು ಉತ್ತರ: ಸ್ಲೋಪ್ −3ಆ, 0ಆ, 4ಆ?

ಹಳೇ ಪೆನ್ಸಿಲ್:
ನಾನು ಗಣಿತ ಬಿಟ್ಟು ಇಪ್ಪತ್ತು ವರ್ಷದ ಮೇಲಾಯ್ತು. ಈಗ ಮಗಳ ಜೊತೆ ಕೂತು ಮತ್ತೆ ಡೆರಿವೇಟಿವ್ ಕಲಿಯುತ್ತಿದ್ದೇನೆ. ನಿನ್ನೆ ರಾತ್ರಿ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದು ಇದರಲ್ಲಿ:

ವೈ = 2ಎಕ್ಸ್² − 8ಎಕ್ಸ್ + 3. ಎಕ್ಸ್ = 3 ಇರುವ ಕಡೆ ಗ್ರಾಫಿನ ಸ್ಲೋಪ್ (ಎಷ್ಟು ಕಡಿದಾಗಿ ಏರುತ್ತೆ ಅನ್ನೋದು) ಎಷ್ಟು?

ನಾನು ಸುಮ್ನೆ 3 ಹಾಕಿದೆ. 18 − 24 + 3, ಅಂದರೆ −3. ಅದನ್ನೇ ಬರೆದೆ. ಮಗಳು "ಅಪ್ಪಾ, ಡೆರಿವೇಟಿವ್ ತೆಗೀಬೇಕಲ್ವಾ?" ಅಂತ ಆ −3ರ ಡೆರಿವೇಟಿವ್ ತೆಗೆದಳು. 0 ಬಂತು. ಪುಸ್ತಕದ ಹಿಂದೆ ನೋಡಿದರೆ 4! ಅಚ್ಚಿನ ತಪ್ಪು ಅಂತ ವಾದ ಮಾಡಿ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ. ಎಲ್ಲಿ ಎಡವಿದೆವು ಹೇಳಿ.

ಗೆರೆಗೀರ:
ಪುಸ್ತಕ ಸರಿ ಇದೆ ಸರ್. ನಿಮ್ಮ −3 ಎತ್ತರ, ಸ್ಲೋಪ್ ಅಲ್ಲ. ಅಲ್ಲಿ ಗ್ರಾಫ್ ಎಕ್ಸ್ ಅಕ್ಷಕ್ಕಿಂತ 3 ಕೆಳಗಿದೆ, ಅಷ್ಟೇ. ಮೊದಲು ಡೆರಿವೇಟಿವ್, ಅಂದರೆ ಯಾವ ಎಕ್ಸ್‌ನಲ್ಲಾದರೂ ಸ್ಲೋಪ್ ಹೇಳೋ ಸೂತ್ರ: 2ಎಕ್ಸ್² ಹೋಗಿ 4ಎಕ್ಸ್, −8ಎಕ್ಸ್ ಹೋಗಿ −8, ಕೊನೆಯ 3 ಮಾಯ. ಉಳಿದಿದ್ದು 4ಎಕ್ಸ್ − 8. ಈಗ 3 ಹಾಕಿ: 12 − 8 = 4.

ಮಗಳ ತಪ್ಪು ನಿಮ್ಮದಕ್ಕಿಂತ ಒಳ್ಳೆ ತಪ್ಪು. ಡೆರಿವೇಟಿವ್ ಬೇಕು ಅಂತ ಅವಳಿಗೆ ಗೊತ್ತಿತ್ತು, ಆದರೆ 3 ಹಾಕಿದ್ದು ಬೇಗ ಆಯ್ತು. ಹಾಕಿದ ಮೇಲೆ ಎಕ್ಸ್ ಎಲ್ಲಿದೆ? ಉಳಿದಿದ್ದು ಬರೀ ಒಂದು ಸಂಖ್ಯೆ. ಅದರ ಗ್ರಾಫ್ ಮಲಗಿದ ಗೆರೆ, ಸ್ಲೋಪ್ 0 ಬರದೆ ಇನ್ನೇನು!

ಹಳೇ ಪೆನ್ಸಿಲ್:
ಮಗಳಿಗೆ ಓದಿ ಹೇಳಿದೆ. "ಒಳ್ಳೆ ತಪ್ಪು" ಅನ್ನೋದನ್ನ ಎರಡು ಸಲ ಓದಿಸಿದಳು.

ಲೆಕ್ಕ ಅರ್ಥವಾಯ್ತು. ಆದರೆ 4ಎಕ್ಸ್ − 8 ಸ್ಲೋಪನ್ನೇ ಕೊಡುತ್ತೆ ಅಂತ ನಂಬೋದು ಹೇಗೆ? ಅಲ್ಲಿರೋದು ಒಂದೇ ಬಿಂದು. ಸ್ಲೋಪ್‌ಗೆ ಎರಡು ಬಿಂದು ಬೇಕಲ್ವಾ?

ಸೊನ್ನೆ ಬಿಂದು:
ಬೇಕು. ಎರಡನೆಯದನ್ನು ಪಕ್ಕದಲ್ಲೇ ಇಟ್ಟು ನೋಡಿ. ಎಕ್ಸ್ 3.1 ಆದಾಗ ವೈ −2.58. ಅಂದರೆ 0.1 ಮುಂದೆ ಹೋಗೋಷ್ಟರಲ್ಲಿ 0.42 ಏರಿದೆ. ಭಾಗಿಸಿದರೆ 4.2. ಇನ್ನೂ ಹತ್ತಿರ, 3.01ಕ್ಕೆ ಬನ್ನಿ: 4.02. 3.001 ಆದರೆ 4.002. 4ರ ಮೇಲೆ ಉಳಿಯೋ ಆ ಬಾಲ ಎಷ್ಟು ಅಂತ ಗಮನಿಸಿ, ಸರಿಯಾಗಿ ನೀವು ಸರಿದ ದೂರದ ಎರಡರಷ್ಟು. ದೂರ ಸೊನ್ನೆಯ ಹತ್ತಿರ ಹೋದಂತೆ ಬಾಲ ಕರಗುತ್ತೆ, 4 ಉಳಿಯುತ್ತೆ. ಡೆರಿವೇಟಿವ್ ಅಂದರೆ ಈ ಕೆಲಸವನ್ನೇ ಎಲ್ಲಾ ಎಕ್ಸ್‌ಗೂ ಒಂದೇ ಸಲ ಮಾಡಿಟ್ಟಿರೋದು.

ಹಳೇ ಪೆನ್ಸಿಲ್:
ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ, ಒಂದು ವಿಚಿತ್ರ ಸಿಕ್ಕಿತು. ಒಂದೇ ಕಡೆ ಸರಿಯೋ ಬದಲು 3ರ ಎರಡೂ ಪಕ್ಕ ತಗೊಂಡೆ. ಎಕ್ಸ್ 2ರಲ್ಲಿ ವೈ −5, 4ರಲ್ಲಿ 3. ಎರಡು ಹೆಜ್ಜೆಗೆ 8 ಏರಿಕೆ, ಸ್ಲೋಪ್ ನೇರವಾಗಿ 4. ಬಾಲವೇ ಇಲ್ಲ! ಇನ್ನೂ ದೂರ, 1 ಮತ್ತು 5 ತಗೊಂಡರೆ −3ರಿಂದ 13ಕ್ಕೆ ಏರುತ್ತೆ. ನಾಲ್ಕು ಹೆಜ್ಜೆಗೆ 16, ಮತ್ತೆ 4. ಕಾಕತಾಳೀಯನಾ?

ಗೆರೆಗೀರ:
ಅಲ್ಲ, ಇದು ನನಗೆ ತುಂಬಾ ಇಷ್ಟದ ವಿಷಯ! ಪರವಲಯದ (ಇಂಥ ಎಕ್ಸ್² ಲೆಕ್ಕದ ಗ್ರಾಫ್) ಮೇಲೆ ಯಾವ ಎರಡು ಬಿಂದು ಸೇರಿಸಿ ಗೆರೆ ಎಳೆದರೂ, ಅದರ ಸ್ಲೋಪ್ ಮತ್ತು ಆ ಎರಡು ಎಕ್ಸ್‌ಗಳ ನಟ್ಟನಡುವೆ ಇರುವ ಸ್ಲೋಪ್ ಒಂದೇ. ಬಲಕ್ಕೆ ಸರಿದಾಗ ಜಾಸ್ತಿ ಬರೋ ಬಾಲ, ಎಡಕ್ಕೆ ಸರಿದಾಗ ಅಷ್ಟೇ ಕಡಿಮೆ ಬರುತ್ತೆ. ಎರಡೂ ಹೊಡೆದುಹೋಗುತ್ತೆ.

ಸೊನ್ನೆ ಬಿಂದು:
ಎಕ್ಸ್³ಕ್ಕೆ ಮಾತ್ರ ಇದನ್ನು ಹಚ್ಚಬೇಡಿ. 0 ಮತ್ತು 2 ಸೇರಿಸಿದರೆ ಸ್ಲೋಪ್ 4 ಬರುತ್ತೆ. ನಡುವೆ, ಎಕ್ಸ್ = 1ರಲ್ಲಿ ನಿಜವಾದ ಸ್ಲೋಪ್ 3.

ಹಳೇ ಪೆನ್ಸಿಲ್:
ಈಗಷ್ಟೇ ಹಚ್ಚಿ, ತಪ್ಪು ಬಂದು, ಪುಸ್ತಕವನ್ನ ಮತ್ತೆ ಬೈಯೋಕೆ ಹೊರಟಿದ್ದೆ.